ನಿಮ್ಮ ಫೋಟೋ ಬೇರೆಯವರ ಪೇಜಿನಲ್ಲಿ ಕಂಡರೆ

ದಸರೆಯಲ್ಲಿ ಅರಮನೆ ದೀಪ ಹತ್ತುವ ಆ ಒಂದು ಗಳಿಗೆಗಾಗಿ ಎರಡು ಗಂಟೆ ಜನರ ನಡುವೆ ನಿಂತು ತೆಗೆದ ಫೋಟೋ ನನ್ನದು. ವಾರ ಕಳೆಯುವಷ್ಟರಲ್ಲಿ ಅದು ಒಂದು ಹೋಮ್‌ಸ್ಟೇ ಜಾಹೀರಾತಿನಲ್ಲಿತ್ತು, ಮೂಲೆಯಲ್ಲಿದ್ದ ನನ್ನ ಹೆಸರನ್ನು ಮಾತ್ರ ಕತ್ತರಿಸಿದ್ದರು. ಹೊಟ್ಟೆ ಉರಿಯುತ್ತೆ ಅಲ್ವಾ?

ಆದರೂ ತಕ್ಷಣ ಕಾಮೆಂಟಿನಲ್ಲಿ ಜಗಳಕ್ಕೆ ಇಳಿಯಬೇಡಿ. ಅವರು ಪೋಸ್ಟ್ ಅಳಿಸಿಬಿಟ್ಟರೆ ಸಾಕ್ಷಿಯೇ ಉಳಿಯುವುದಿಲ್ಲ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್ ಮತ್ತು ದಿನಾಂಕ ಬರೆದಿಡಿ. ಒರಿಜಿನಲ್ ಫೈಲ್ ಜೋಪಾನ, ಏಕೆಂದರೆ ಯಾವ ಕ್ಯಾಮೆರಾ, ಎಷ್ಟು ಹೊತ್ತಿಗೆ ತೆಗೆದದ್ದು ಎಂಬ ವಿವರ ಅದರೊಳಗೇ ಇರುತ್ತದೆ, ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಪ್ರತಿಯಲ್ಲಿ ಅದು ಅಳಿಸಿಹೋಗಿರುತ್ತದೆ. ಗೂಗಲ್ ಲೆನ್ಸ್‌ಗೆ ಫೋಟೋ ಹಾಕಿ ನೋಡಿ, ಬೇರೆ ಕಡೆಯೂ ಸಿಗಬಹುದು.

ಆಮೇಲೆ ಅವರಿಗೆ ಒಂದು ಮೆಸೇಜ್. ತೆಗೆಯಿರಿ, ಇಲ್ಲವೇ ಹಣ ಕೊಡಿ, ಇಷ್ಟು ದಿನದೊಳಗೆ. ಬೈಗುಳ ಬೇಡ.

ಉತ್ತರ ಬರದಿದ್ದರೆ ಸುಮ್ನೆ ರಿಪೋರ್ಟ್ ಬಟನ್ ಒತ್ತಿ ಕೂರಬೇಡಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡರಲ್ಲೂ ಕಾಪಿರೈಟ್ ದೂರಿಗೆ ಬೇರೆಯೇ ಫಾರಂ ಇದೆ, ಅದನ್ನೇ ತುಂಬಿ. ಫೋಟೋ ರಿಜಿಸ್ಟರ್ ಮಾಡಿಸಿಲ್ಲ ಎಂದು ಹೆದರಬೇಡಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಫೋಟೋ ತೆಗೆದ ಕ್ಷಣದಿಂದಲೇ ಹಕ್ಕು ಇರುತ್ತದೆ. ಒಂದೇ ಎಚ್ಚರ: ದುಡ್ಡು ಪಡೆದು ಮದುವೆ ಫೋಟೋ ತೆಗೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ತೆಗೆಸಿದವರದ್ದು. ಹಾಗಾಗಿ ಅಡ್ವಾನ್ಸ್ ತಗೊಳ್ಳುವಾಗಲೇ ಇದನ್ನು ಬರೆಸಿಕೊಳ್ಳಿ.