ಹೊಳೆ ಬರುವ ಮೊದಲು: ಮನೆಮಂದಿಯ ತುರ್ತು ಚೀಲ, ಹೊರಡುವ ಲೆಕ್ಕ

ನಮ್ಮ ಕಡೆ ಹೊಳೆಗೆ ಪ್ರವಾಹ ಬರಬೇಕೆಂದರೆ ಇಲ್ಲೇ ಮಳೆ ಆಗಬೇಕಂತಿಲ್ಲ. ಮಹಾರಾಷ್ಟ್ರದ ಮಹಾಬಲೇಶ್ವರ, ಕೊಯ್ನಾ ಕಡೆ ಜೋರಾಗಿ ಸುರಿದರೆ ಆಲಮಟ್ಟಿ, ನಾರಾಯಣಪುರ ಡ್ಯಾಂ ದಾಟಿ ಕೃಷ್ಣೆ ರಾಯಚೂರಿಗೆ ಬರುತ್ತದೆ. ಶಿವಮೊಗ್ಗ, ಚಿಕ್ಕಮಗಳೂರಿನ ಮಳೆ ತುಂಗಭದ್ರೆಯಾಗಿ ಕೊಪ್ಪಳ, ಬಳ್ಳಾರಿ ಮುಟ್ಟುತ್ತದೆ. ಆಗ ನಮ್ಮೂರಲ್ಲಿ ಚುರುಗುಟ್ಟುವ ಬಿಸಿಲೇ ಇರಬಹುದು. ಇದರಲ್ಲಿ ಒಂದು ಅನುಕೂಲವೂ ಇದೆ: ಸಾಮಾನ್ಯವಾಗಿ ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ. ಆದರೆ ಆ ನಡುವಿನ ಹೊತ್ತನ್ನೆಲ್ಲ ನಾವು "ತಡೀರಿ ನೋಡೋಣು, ಇನ್ನೂ ದೂರ ಐತಿ" ಅಂತ ಕಟ್ಟೆ ಮೇಲೆ ಕೂತು ಕಳೆಯುತ್ತೇವೆ. ಅದಕ್ಕೇ ಚೀಲದ ಮಾತು ಆಮೇಲೆ. ಯಾವಾಗ ಹೊರಡಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಮೊದಲು ಗುರುತು ಹಾಕಿ

ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: 2009ರಲ್ಲಿ ನೀರು ಎಲ್ಲಿತನಕ ಬಂದಿತ್ತು? 2019ರಲ್ಲಿ? ಯಾವ ದಾರಿ ಮೊದಲು ಬಂದ್ ಆಯಿತು? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಎಷ್ಟೋ ಊರಲ್ಲಿ ಮನೆ ಮುಳುಗುವ ಬಹಳ ಮೊದಲೇ ದಾರಿ ಮುಳುಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮೇಲೆ ನೀರು ಬಂತೆಂದರೆ ಹೊಳೆ ನಡುವಿನ ಗಡ್ಡಿಗಳ ಮಂದಿಗೆ ಹೊರಗಿನ ಸಂಪರ್ಕ ಕಡಿದಂತೆಯೇ. ದೇವದುರ್ಗ ಕಡೆ ಹೂವಿನಹೆಡಗಿ ಸೇತುವೆ, ಇತ್ತ ಕಂಪ್ಲಿ–ಗಂಗಾವತಿ ಸೇತುವೆ ಕತೆಯೂ ಇದೇ. ಹಾಗಾಗಿ ಹೊರಡುವ ಗುರುತು ನಿಮ್ಮ ಹೊಸ್ತಿಲಲ್ಲಿ ಇರಬಾರದು, ನಿಮ್ಮ ದಾರಿಯಲ್ಲಿ ಇರಬೇಕು.

ಕ್ಯೂಸೆಕ್ ಲೆಕ್ಕ ಸುದ್ದಿಯಲ್ಲಿ ಕೇಳುತ್ತೇವೆ, ಬಿಟ್ಟುಬಿಡುತ್ತೇವೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಡ್ಯಾಂನಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ, 12 ಸಾವಿರ ಲೀಟರಿನ ಟ್ಯಾಂಕರುಗಳನ್ನು ಸೆಕೆಂಡಿಗೆ 230ಕ್ಕೂ ಜಾಸ್ತಿ ಸುರಿದ ಹಾಗೆ. ನಿಮ್ಮೂರಿನ ಸೇತುವೆಗೆ ಎಷ್ಟು ಕ್ಯೂಸೆಕ್‌ಗೆ ನೀರು ಹತ್ತುತ್ತದೆ ಎಂದು ಪಂಚಾಯಿತಿಯಲ್ಲೋ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರವೋ ಕೇಳಿ ಗೋಡೆ ಮೇಲೆ ಬರೆದಿಡಿ. ಬಿಡುವ ನೀರು ಆ ಸಂಖ್ಯೆಯ ಹತ್ತಿರ ಹೋಯಿತು ಅಂದರೆ ಅಜ್ಜಿ, ಬಾಣಂತಿ, ಮಕ್ಕಳು ಮೊದಲು ಹೊರಡಬೇಕು. ಡಂಗುರ ಸಾರಿದ ಮೇಲೆ ಉಳಿದವರೂ. ಅಲ್ಲಿ ಚರ್ಚೆ ಇಲ್ಲ.

ಸುದ್ದಿ ತಡವಾಗಿಯೂ ಬರಬಹುದು ಅನ್ನುವುದಕ್ಕೆ 2024ರ ಆಗಸ್ಟ್ 10ರ ರಾತ್ರಿ ನೆನಪಿಸಿಕೊಳ್ಳಿ. ತುಂಗಭದ್ರಾ ಡ್ಯಾಂನ 33 ಗೇಟುಗಳ ಪೈಕಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಮಲಗುವ ಹೊತ್ತಿನಲ್ಲಿ ಆದದ್ದು. ಅಂಥ ರಾತ್ರಿ ಆಧಾರ್ ಕಾರ್ಡ್ ಯಾವ ಡಬ್ಬಿಯಲ್ಲಿದೆ ಅಂತ ಹುಡುಕುತ್ತಾ ಕೂರುವುದಕ್ಕೆ ಆಗುತ್ತದಾ?

ಚೀಲ ಕಟ್ಟುವುದು

ಮಕ್ಕಳ ಹಳೆಯ ಸ್ಕೂಲ್ ಬ್ಯಾಗ್ ಸಾಕು, ಹೊಸದು ಬೇಡ. ಬೆನ್ನಿಗೆ ಹಾಕಿಕೊಂಡರೆ ಎರಡೂ ಕೈ ಖಾಲಿ ಇರುತ್ತವೆ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕೋಲು ಹಿಡಿಯಬಹುದು. ಟ್ರಂಕ್ ಮುಟ್ಟಬೇಡಿ. ಟಿವಿಯನ್ನು ತಲೆ ಮೇಲೆ ಹೊತ್ತು ಮೊಳಕಾಲು ನೀರಲ್ಲಿ ನಡೆಯುವವರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಮೊದಲು ಕಾಗದ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಮನೆ ಪತ್ರ, ಬೆಳೆ ವಿಮೆ ಕಟ್ಟಿದ ರಸೀದಿ, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಬಸುರಿ ಇದ್ದರೆ ತಾಯಿ ಕಾರ್ಡ್, ಮಕ್ಕಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಇವುಗಳ ಜೊತೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾಗುವ 371ಜೆ ಪ್ರಮಾಣಪತ್ರ ಮರೆಯಬೇಡಿ. ಅದನ್ನು ಮಾಡಿಸಲು ಎಷ್ಟು ಓಡಾಡಿದ್ದೀರಿ ಅನ್ನುವುದು ನಿಮಗೇ ಗೊತ್ತು. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಮಡಚಿ, ಅದನ್ನು ಇನ್ನೊಂದು ಕವರಿಗೆ ತಲೆಕೆಳಗಾಗಿ ತೂರಿಸಿ ಕಟ್ಟಿ. ಒಂದೇ ಕವರ್ ಆದರೆ ಮಡಚಿದ ಕಡೆಯಿಂದಲೇ ನೀರು ಒಳಗೆ ಹೋಗುತ್ತದೆ. ಫೋಟೊ ತೆಗೆದು ಬೆಂಗಳೂರಿಗೆ ದುಡಿಯಲು ಹೋದ ಮಗನಿಗೋ ತಮ್ಮನಿಗೋ ಕಳಿಸಿಡಿ. ಡಿಜಿಲಾಕರ್ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಊಟದ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಪೇಟೆಯ ಬಿಸ್ಕತ್ತಿಗಿಂತ ನಮ್ಮ ಖಡಕ್ ರೊಟ್ಟಿ ಜಾಸ್ತಿ ದಿನ ಬಾಳುತ್ತದೆ. ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿದರೆ ಒಲೆ ಹಚ್ಚದೆ ಹೊಟ್ಟೆ ತುಂಬುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಪುಠಾಣಿ, ಬೆಲ್ಲ, ಅವಲಕ್ಕಿ. ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯುವ ನೀರು ಬೇಕು. ಇಡೀ ಮನೆಗೆ ಅಷ್ಟು ಹೊರಲು ಆಗದಿದ್ದರೆ ಒಂದು ದಿನದ್ದಾದರೂ ಇರಲಿ. ಸಕ್ಕರೆ, ಉಪ್ಪಿನ ಸಣ್ಣ ಪೊಟ್ಟಣ ಇಡಿ: ಭೇದಿ ಹತ್ತಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದ ಅಳತೆ ಇದು. ಉಪ್ಪು ಮಾತ್ರ ಜಾಸ್ತಿ ಆಗಬಾರದು.

ಬಿಪಿ, ಶುಗರ್ ಗುಳಿಗೆ ಒಂದು ವಾರದ್ದು, ಡಾಕ್ಟರ್ ಚೀಟಿ ಸಮೇತ. ಇನ್ಸುಲಿನ್ ಇದ್ದವರು ಅದನ್ನು ಕವರಿನಲ್ಲಿ ಕಟ್ಟಿ ಸಣ್ಣ ಮಣ್ಣಿನ ಕುಡಿಕೆಯಲ್ಲಿಟ್ಟು ಹೊರಗೆ ಒದ್ದೆ ಬಟ್ಟೆ ಸುತ್ತಿ. ನಮ್ಮ ಬಿಸಿಲಿಗೆ ಹಾಗೇ ಬಿಟ್ಟರೆ ಕೆಡುತ್ತದೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ: ಟಾರ್ಚ್, ಬೇರೆ ಸೆಲ್ಲು, ಚಾರ್ಜರ್, ಕಡ್ಡಿಪೆಟ್ಟಿಗೆ, ಒಂದು ಸೀಟಿ, ಚಾದರ, ಪ್ಯಾಡ್, ಕೂಸಿನ ಬಟ್ಟೆ. ರೊಕ್ಕ ಹತ್ತು, ಐವತ್ತು, ನೂರರ ನೋಟಿನಲ್ಲಿ. ಟವರ್ ಹೋದರೆ ಫೋನ್‌ಪೇ ನಡೆಯುವುದಿಲ್ಲ ಅಲ್ವಾ? ಮುಖ್ಯ ನಂಬರುಗಳನ್ನು ಚೀಟಿಯಲ್ಲಿ ಬರೆದಿಡಿ: ತುರ್ತು ನೆರವಿಗೆ 112, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077, ಅಂಬುಲೆನ್ಸಿಗೆ 108, ಕರೆಂಟಿನ ತೊಂದರೆಗೆ ಜೆಸ್ಕಾಂ 1912.

ಮಣ್ಣೆತ್ತಿನ ಅಮವಾಸ್ಯೆಗೆ ಕಟ್ಟಿದ ಚೀಲ ದೀಪಾವಳಿತನಕ ಬಾಗಿಲ ಹಿಂದಿನ ಗೂಟದಲ್ಲಿ ಇರಲಿ. ಪ್ರತಿ ಅಮವಾಸ್ಯೆಗೆ ಹೇಗೂ ಮನೆ ತೊಳೆಯುತ್ತೀರಿ, ಅವತ್ತೇ ಹಳೆ ರೊಟ್ಟಿ ತೆಗೆದು ಹೊಸದು ಇಡಿ.

ಮಾಳಿಗೆ ಮನೆಯವರಿಗೆ

ಮಾಳಿಗೆ ಮನೆ ಅಂದರೆ ಮಣ್ಣಿನ ಚಾವಣಿಯ ಮನೆ, ಇದನ್ನು ಬೇರೆಯಾಗಿ ಹೇಳಬೇಕು. 2009ರ ಸೆಪ್ಟೆಂಬರ್ ಕೊನೆಗೆ ಇಲ್ಲೇ ಬಿಟ್ಟೂಬಿಡದೆ ಸುರಿದಾಗ ಹೊಳೆಯಿಂದ ದೂರ ಇದ್ದ ಊರುಗಳಲ್ಲೂ ಮಣ್ಣಿನ ಮನೆ ಬಿದ್ದವು. ಚಾವಣಿಯ ಮೇಲ್ಮುದ್ದೆ ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಕೆಳಗಿನ ಗೋಡೆ ನೆನೆದು ಮೆತ್ತಗಾಗುತ್ತದೆ. ಇಲ್ಲಿ ಡಂಗುರ ಸಾರುವವರು ಯಾರೂ ಇಲ್ಲ, ಮನೆಯೇ ಹೇಳುತ್ತದೆ. ನಿನ್ನೆ ಸಲೀಸಾಗಿ ಹಾಕಿದ ಬಾಗಿಲು ಇವತ್ತು ಚೌಕಟ್ಟಿಗೆ ಕಚ್ಚುತ್ತದೆ. ತೊಲೆ ಕೂತ ಜಾಗದಿಂದ ಗೋಡೆ ಮೇಲೆ ಮಣ್ಣು ಸಣ್ಣಗೆ ಉದುರುತ್ತದೆ. ಜಂತಿ ಚಟ್ ಅಂತ ಸದ್ದು ಮಾಡುತ್ತದೆ. ಇದರಲ್ಲಿ ಒಂದು ಕಂಡರೂ ಅವತ್ತು ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಅಕ್ಕಪಕ್ಕದ ಆರ್‌ಸಿಸಿ ಮನೆಯವರಿಗೆ ಮಳೆಗಾಲಕ್ಕೆ ಮೊದಲೇ ಹೇಳಿಟ್ಟರೆ ಆಗ ಸಂಕೋಚ ಇರುವುದಿಲ್ಲ.

ಯಾರು ಏನು ಮಾಡಬೇಕು

ಎಲ್ಲರೂ ಎಲ್ಲವನ್ನೂ ಮಾಡಲು ಹೋದರೆ ಚೀಲ ಮನೆಯಲ್ಲೇ ಉಳಿಯುತ್ತದೆ. ಒಬ್ಬರು ಚೀಲ, ಒಬ್ಬರು ಅಜ್ಜಿ, ಒಬ್ಬರು ಕರೆಂಟಿನ ಮೇನ್ ಸ್ವಿಚ್ ಮತ್ತು ಗ್ಯಾಸ್ ರೆಗ್ಯುಲೇಟರ್. ದನಗಳನ್ನು ಮೊದಲೇ ದಿಬ್ಬಕ್ಕೆ ಹೊಡೆಯಿರಿ. ಅದಕ್ಕೆ ಹೊತ್ತಿಲ್ಲದಿದ್ದರೆ ಹಗ್ಗ ಬಿಚ್ಚಿಬಿಡಿ, ಕಟ್ಟಿದ ದನ ಈಜಲಾರದು. ಗಂಡಸರು ದುಡಿಯಲು ಊರು ಬಿಟ್ಟಿದ್ದರೆ ಅವರ ಕೆಲಸ ಯಾರ ಪಾಲಿಗೆ ಅಂತ ಈಗಲೇ ಹಂಚಿಕೊಳ್ಳಿ.

ಸೇರುವ ಜಾಗ ಎತ್ತರದಲ್ಲಿರಬೇಕು, ಅಲ್ಲಿಗೆ ಹೋಗುವ ದಾರಿಯಲ್ಲಿ ಹಳ್ಳ ಇರಬಾರದು. ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತಾರೆ ಅಂತ ಪಂಚಾಯಿತಿಯಲ್ಲಿ ಗೊತ್ತಿರುತ್ತದೆ. ಒಬ್ಬರಿಗೊಬ್ಬರು ಫೋನ್ ಹತ್ತದಿದ್ದರೆ ಎಲ್ಲರೂ ಬೆಂಗಳೂರಿನ ಒಬ್ಬರಿಗೇ ಮಾಡಿ, ಅವರು ಉಳಿದವರಿಗೆ ಹೇಳಲಿ. ಹಾಸ್ಟೆಲ್‌ನಲ್ಲಿರುವ ಮಕ್ಕಳನ್ನು ಯಾರು ಕರೆತರಬೇಕು ಅನ್ನುವುದು ವಾರ್ಡನ್‌ಗೂ ತಿಳಿದಿರಲಿ. ಒಂದು ಭಾನುವಾರ ಚೀಲ ಹೊತ್ತು ಅಜ್ಜಿಯನ್ನೂ ಕರೆದುಕೊಂಡು ಅಲ್ಲಿತನಕ ಸುಮ್ನೆ ನಡೆದು ನೋಡಿ. ಎಷ್ಟು ಹೊತ್ತು ಹಿಡಿಯಿತೋ, ರಾತ್ರಿ ಅದರ ದುಪ್ಪಟ್ಟು ಅಂದುಕೊಳ್ಳಿ.

ಹರಿಯುವ ನೀರಿನ ಜೊತೆ ಪಂದ್ಯ ಕಟ್ಟಬೇಡಿ. ಅರ್ಧ ಅಡಿ ನೀರು ಜೋರಾಗಿ ಹರಿದರೆ ಆಳನ್ನು ಬೀಳಿಸುತ್ತದೆ, ಎರಡು ಅಡಿ ಹರಿದರೆ ಜೀಪನ್ನೂ ಎಳೆದೊಯ್ಯುತ್ತದೆ. ಹರಿಗೋಲು ಹಾಕುವವರು ಎಷ್ಟೇ ಪಳಗಿದವರಾದರೂ ತುಂಬಿದ ಹೊಳೆಯಲ್ಲಿ ಹತ್ತಬೇಡಿ.

ನೀರು ಇಳಿದು ವಾಪಸ್ ಬಂದ ಮೇಲೆ ಬೆಳಕಿದ್ದಾಗಲೇ ಒಳಗೆ ಹೋಗಿ. ಮೊದಲು ಕೋಲಿನಿಂದ ಮೂಲೆ ತಟ್ಟಿ, ಹಾವು ಚೇಳು ಇರುತ್ತವೆ. ವೈರಿಂಗ್ ಒಣಗಿ, ಗೊತ್ತಿದ್ದವರು ನೋಡುವವರೆಗೆ ಮೇನ್ ಸ್ವಿಚ್ ಹಾಕಬೇಡಿ. ನೀರು ಕುದಿಸಿ ಕುಡಿಯಿರಿ. ಕೆಸರು ಬಳಿಯಲು ಕಸಬರಿಗೆ ಹಿಡಿಯುವ ಮೊದಲು ಬಿದ್ದ ಗೋಡೆ, ನೀರು ನಿಂತ ಗುರುತು, ಸತ್ತ ದನದ ಕಿವಿಯ ಟ್ಯಾಗ್, ಎಲ್ಲದರ ಫೋಟೊ ತೆಗೆದುಕೊಳ್ಳಿ. ಪಂಚನಾಮೆಗೆ ಬಂದವರಿಗೆ ತೋರಿಸಲು ಅದು ಬೇಕಾಗುತ್ತದೆ.