ತಲೆಗೆ ಎಣ್ಣೆ ಹಚ್ಚಬೇಡಿ, ಕೈಗೆ ವಾಚು ಕಟ್ಟಿ

"ನಾಳೆ ರಾತ್ರಿ ಬರುವಾಗ ತಲೆಗೆ ಎಣ್ಣೆ ಹಚ್ಚಬೇಡಿ." ದಿನಾ ಫೋನಿನಲ್ಲಿ ನಾನು ಹೇಳುವ ಮೊದಲ ಮಾತು ಇದು. ಆದರೂ ವಾರಕ್ಕೊಬ್ಬರಾದರೂ ಹಚ್ಚಿಕೊಂಡೇ ಬರುತ್ತಾರೆ. ಚೆನ್ನಾಗಿ ನಿದ್ದೆ ಬರಲಿ ಅಂತ ಮನೆಯವರೇ ತಿಕ್ಕಿ ಕಳಿಸಿರುತ್ತಾರೆ ಪಾಪ. ಎಣ್ಣೆ ತಲೆಯ ಮೇಲೆ ನನ್ನ ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಶ್ಯಾಂಪೂ ಹಾಕಿ ತೊಳೆದು, ಒಣಗಿಸಿ, ಅಂಟಿಸುವಷ್ಟರಲ್ಲಿ ಹನ್ನೊಂದು ಗಂಟೆ ದಾಟಿರುತ್ತದೆ.

ನಾನು ಶಿವಮೊಗ್ಗದಲ್ಲಿ ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್. ಲ್ಯಾಬ್ ಅಂದರೆ ದೊಡ್ಡದೇನಲ್ಲ, ಒಂದು ಕೋಣೆ, ಒಂದು ಮಂಚ. ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಇಲ್ಲಿ ಒಂದು ರಾತ್ರಿ ಮಲಗುತ್ತಾರೆ. ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಎದೆಗೆ, ಕಾಲಿಗೆ ವೈರು. ಮೂಗಿಗೆ ಕೊಳವೆ, ಎದೆಗೂ ಹೊಟ್ಟೆಗೂ ಒಂದೊಂದು ಬೆಲ್ಟು, ಬೆರಳಿಗೆ ಆಕ್ಸಿಮೀಟರ್. ಬೆಳಿಗ್ಗೆ ಆ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಕೂತು ಓದಬೇಕು. ಎಂಟು ಗಂಟೆಗೆ 960 ತುಂಡು. ಉಸಿರಿನ ಗಾಳಿ ಕನಿಷ್ಠ 10 ಸೆಕೆಂಡು ಹೆಚ್ಚುಕಮ್ಮಿ ಪೂರ್ತಿ ನಿಂತರೆ ಅದು ಆಪ್ನಿಯಾ. ಅರೆಬರೆ ಕಮ್ಮಿಯಾಗಿ, ಜೊತೆಗೆ ಆಮ್ಲಜನಕ ಇಳಿದರೆ ಅಥವಾ ಮೆದುಳು ಅರೆಕ್ಷಣ ಎಚ್ಚೆತ್ತರೆ ಹೈಪೋಪ್ನಿಯಾ. ಗಂಟೆಗೆ ಇಂಥವು ಸರಾಸರಿ ಎಷ್ಟು ಅನ್ನುವುದೇ ಎಎಚ್‌ಐ. 5ರಿಂದ 15 ಸಣ್ಣದು, 15ರಿಂದ 30 ಮಧ್ಯಮ, ಅದರ ಮೇಲೆ ಜೋರು.

ಮಂಚ ಒಂದೇ. ಸಾಗರ, ತೀರ್ಥಹಳ್ಳಿ ಕಡೆಯಿಂದ ಬರುವವರಿಗೆ ಮಳೆಗಾಲದಲ್ಲಿ ಬಂದು ಹೋಗುವುದೇ ಒಂದು ಸಾಹಸ. ಹಾಗಾಗಿ ನಮ್ಮ ಡಾಕ್ಟರು ಮನೆಯಲ್ಲೇ ಮಾಡುವ ಹೊಸ ಪರೀಕ್ಷೆಗಳನ್ನು ನೋಡೋಣ ಅಂದರು. ಆದರೆ ಒಂದು ಷರತ್ತು: ಮೊದಲು ಅವನ್ನು ನಮ್ಮ ಕೋಣೆಯಲ್ಲೇ, ಅದೇ ರಾತ್ರಿ, ಅದೇ ವ್ಯಕ್ತಿಯ ಮೇಲೆ, ದೊಡ್ಡ ಪರೀಕ್ಷೆಯ ಪಕ್ಕದಲ್ಲಿಟ್ಟು ಅಳೆಯಬೇಕು. ಅದೇ ರಾತ್ರಿ ಯಾಕೆ ಅಂದರೆ, ಉಸಿರು ಕಟ್ಟುವುದು ದಿನಾ ಒಂದೇ ಲೆಕ್ಕದಲ್ಲಿ ಇರುವುದಿಲ್ಲ. ಅಂಗಾತ ಮಲಗಿದ ರಾತ್ರಿ ಜಾಸ್ತಿ, ಮಗ್ಗುಲಾಗಿ ಮಲಗಿದರೆ ಕಮ್ಮಿ. ಮದುವೆ ಊಟ ಮುಗಿಸಿ ಎರಡು ಪೆಗ್ ಹಾಕಿ ಮಲಗಿದ ರಾತ್ರಿಯ ಕಥೆಯೇ ಬೇರೆ.

ಹೀಗೆ ಶುರುವಾಯಿತು. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಒಂದು ಸಾಧನ, ಒಂದು ಸ್ಮಾರ್ಟ್‌ವಾಚ್, ಗೊರಕೆ ಕೇಳುವ ಒಂದು ಫೋನ್ ಆಪ್. ಒಪ್ಪಿಗೆ ಬರೆಸಿಕೊಂಡು ಎಲ್ಲವನ್ನೂ ಕಟ್ಟಿದೆ. "ಇದೇನ್ರೀ, ತೇರಿಗೆ ಕಟ್ಟಿದ ಹಾಗೆ ಕಟ್ತಿದ್ದೀರಿ?" ಅಂದರು ಒಬ್ಬರು.

ಮೊದಲ ಕೆಲವು ರಾತ್ರಿ ಪೂರ್ತಿ ದಂಡ. ತಪ್ಪು ನನ್ನದೇ. ನಾಲ್ಕು ಸಾಧನಕ್ಕೆ ನಾಲ್ಕು ಗಡಿಯಾರ ಅನ್ನುವುದು ನನಗೆ ಹೊಳೆದಿರಲಿಲ್ಲ. ಲ್ಯಾಬಿನ ಕಂಪ್ಯೂಟರೇ ಮೂರು ನಿಮಿಷ ಹಿಂದಿತ್ತು. ಇಲ್ಲಿ ಉಸಿರು ನಿಂತಾಗ ವಾಚು ಸುಮ್ಮನಿದೆ, ವಾಚು ಕೂಗಿದಾಗ ಇಲ್ಲಿ ಉಸಿರು ಸರಾಗ. ವಾಚನ್ನು ಬೈದುಕೊಂಡೆ. ಆಮೇಲೆ ಒಂದು ಉಪಾಯ ಮಾಡಿದೆ. ದೀಪ ಆರಿಸುವ ಮೊದಲು ಮೂರು ಸಲ ಜೋರಾಗಿ ಕೆಮ್ಮಿ, ವಾಚಿನ ಕೈಯನ್ನು ಹಾಸಿಗೆಗೆ ಮೂರು ಸಲ ಬಡಿಯಿರಿ ಅನ್ನುತ್ತೇನೆ. ಕೆಮ್ಮು ಫೋನಿಗೂ ಎದೆಯ ಬೆಲ್ಟಿಗೂ ಸಿಗುತ್ತದೆ, ಬಡಿತ ವಾಚಿಗೂ ವಿಡಿಯೋಗೂ ಸಿಗುತ್ತದೆ. ಬೆಳಿಗ್ಗೆ ಆ ಮೂರು ಗುರುತು ಹಿಡಿದು ಎಲ್ಲವನ್ನೂ ಒಂದೇ ಗೆರೆಗೆ ತರುತ್ತೇನೆ. ಆಗಲೂ ಬೆರಳಿನ ಆಮ್ಲಜನಕ ಸ್ವಲ್ಪ ತಡವಾಗಿಯೇ ಇಳಿಯುತ್ತದೆ, ರಕ್ತ ಅಲ್ಲಿಗೆ ತಲುಪಬೇಕಲ್ವಾ.

ಎರಡನೇ ತಪ್ಪು ಇನ್ನೂ ನಾಚಿಕೆಯದು. ಕುತೂಹಲ ತಡೆಯಲಾಗದೆ ಮೊದಲು ಸಾಧನದ ವರದಿ ನೋಡಿ, ಆಮೇಲೆ ನನ್ನ ತುಂಡುಗಳನ್ನು ಓದುತ್ತಿದ್ದೆ. ಹೈಪೋಪ್ನಿಯಾ ಹೌದೋ ಅಲ್ಲವೋ ಅನ್ನುವ ಅನುಮಾನದ ಜಾಗದಲ್ಲೆಲ್ಲ ಕೈ ಸಾಧನ ಹೇಳಿದ ಕಡೆಗೇ ವಾಲುತ್ತಿತ್ತು. ಎರಡೂ ಅದ್ಭುತವಾಗಿ ಹೊಂದುತ್ತಿವೆ ಅಂತ ಖುಷಿಪಟ್ಟೆ! ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ನೋಡಿ ಓದಿದೆಯೋ, ನೋಡದೆ ಓದಿದೆಯೋ?" ಅಷ್ಟೂ ರಾತ್ರಿಗಳನ್ನು ಲೆಕ್ಕದಿಂದ ತೆಗೆದೆವು. ಈಗ ಸಾಧನದ ವರದಿ ಅವರ ಬೀರುವಿನಲ್ಲಿರುತ್ತದೆ, ನನ್ನ ಓದು ಮುಗಿಯುವವರೆಗೆ ಹೊರಗೆ ಬರುವುದಿಲ್ಲ. ಸಾಧನ ಕಳಚಿ ಬಿದ್ದ ರಾತ್ರಿಯನ್ನು ಮಾತ್ರ ತೆಗೆಯುವುದಿಲ್ಲ. ಮನೆಯಲ್ಲೂ ಅದು ಬೀಳುತ್ತದೆ ತಾನೆ.

ಹೋಲಿಸುವುದರಲ್ಲೂ ಒಂದು ಮೋಸ ಇದೆ. ಮನೆ ಪರೀಕ್ಷೆಯ ಎಷ್ಟೋ ಸಾಧನಗಳಿಗೆ ನಿದ್ದೆ ಯಾವಾಗ ಬಂತು ಅಂತ ಗೊತ್ತಾಗುವುದಿಲ್ಲ, ಮೆದುಳಿನ ಅಲೆ ಅಳೆಯುವುದೇ ಇಲ್ಲವಲ್ಲ. ಅವು ರೆಕಾರ್ಡ್ ಆದ ಸಮಯದಿಂದ ಭಾಗಿಸುತ್ತವೆ. ರಾತ್ರಿಯಲ್ಲಿ 90 ಸಲ ಉಸಿರು ಕಟ್ಟಿದೆ, ಏಳೂವರೆ ಗಂಟೆ ರೆಕಾರ್ಡ್ ಆಗಿದೆ ಅಂದುಕೊಳ್ಳಿ. ಗಂಟೆಗೆ 12, ಅಂದರೆ ಸಣ್ಣದು. ಆದರೆ ಆ ಮನುಷ್ಯ ನಿಜವಾಗಿ ನಿದ್ದೆ ಮಾಡಿದ್ದು ಐದೇ ಗಂಟೆ, ಉಳಿದದ್ದು ಫ್ಯಾನ್ ನೋಡುತ್ತಾ ಮಲಗಿದ್ದು. ಆಗ ಗಂಟೆಗೆ 18, ಮಧ್ಯಮ.

ಫೋನ್ ಆಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೊರಕೆ ಹಿಡಿಯುತ್ತದೆ, ನಿಜ. ಬೀದಿ ನಾಯಿಯನ್ನೂ ಹಿಡಿಯುತ್ತದೆ. ಮನೆಗೆ ಕೊಟ್ಟು ಕಳಿಸಿದಾಗ ಒಬ್ಬರ ಲೆಕ್ಕಕ್ಕೆ ಹೆಂಡತಿಯ ಗೊರಕೆಯೂ ಸೇರಿತ್ತು.

ವಾಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2024ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೊದಲು ಸ್ಯಾಮ್‌ಸಂಗ್, ಆಮೇಲೆ ಆಪಲ್ ವಾಚಿನ ಆಪ್ನಿಯಾ ಫೀಚರಿಗೆ ಒಪ್ಪಿಗೆ ಕೊಟ್ಟಿತು. ಸ್ಯಾಮ್‌ಸಂಗ್ ವಾಚು ರಕ್ತದ ಆಮ್ಲಜನಕ ನೋಡುತ್ತದೆ. ಆಪಲ್‌ನದು ಉಸಿರು ತಪ್ಪಿದಾಗ ಮಣಿಕಟ್ಟಿನಲ್ಲಾಗುವ ಸಣ್ಣ ಅಲುಗಾಟ ನೋಡುತ್ತದೆ, ಅದೂ ಅನೇಕ ರಾತ್ರಿ ಸೇರಿಸಿ. ಎರಡೂ ಹುಡುಕುವುದು ಮಧ್ಯಮ ಅಥವಾ ಜೋರು ಆಪ್ನಿಯಾದ ಸುಳಿವನ್ನು, ಕಾಯಿಲೆ ಇದೆ ಅಂತ ತೀರ್ಪು ಕೊಡಲು ಅಲ್ಲ. ಅನೇಕ ರಾತ್ರಿ ನೋಡುವುದು ನನಗೆ ಇಷ್ಟವಾದ ವಿಷಯ. ನಮ್ಮ ಲ್ಯಾಬಿಗೆ ಸಿಗುವುದು ಒಂದೇ ರಾತ್ರಿ, ಅದೂ ಪರಸ್ಥಳದ ಮಂಚದಲ್ಲಿ, ಮೈತುಂಬ ವೈರು.

ಇಷ್ಟು ದಿನದಲ್ಲಿ ನಾನು ಕಂಡುಕೊಂಡದ್ದು ಒಂದು: ಫೋನ್ ಆಪ್ ಬಿಟ್ಟು ಉಳಿದ ಸಾಧನಗಳು "ಇದೆ" ಅಂದರೆ ನಂಬುತ್ತೇನೆ, "ಇಲ್ಲ" ಅಂದರೆ ನಂಬುವುದಿಲ್ಲ. ಅದನ್ನು ಕಲಿಸಿದ್ದು ಒಬ್ಬ ಟೀಚರು. ತೆಳ್ಳಗಿನ ಹೆಂಗಸು, ಗೊರಕೆ ಇಲ್ಲ. ಬೆಳಿಗ್ಗೆ ತಲೆನೋವು, ಮಧ್ಯಾಹ್ನ ಕ್ಲಾಸಿನಲ್ಲೇ ಕಣ್ಣು ಮುಚ್ಚಿಹೋಗುವಷ್ಟು ಸುಸ್ತು. ಗೊರಕೆ, ಬಿಪಿ, ತೂಕ, ವಯಸ್ಸು, ಕತ್ತಿನ ಸುತ್ತಳತೆ ಕೇಳುವ ಸ್ಟಾಪ್-ಬ್ಯಾಂಗ್ ಅನ್ನುವ ಎಂಟು ಪ್ರಶ್ನೆಯ ಪಟ್ಟಿಯಲ್ಲಿ ಅವರಿಗೆ ಬಂದದ್ದು ಒಂದೇ ಅಂಕ, ಅಂದರೆ ಆಪ್ನಿಯಾ ಇರುವ ಸಾಧ್ಯತೆ ಕಮ್ಮಿ ಅಂತ. ಅದರಲ್ಲಿ ಗಂಡಸಾಗಿರುವುದಕ್ಕೇ ಒಂದು ಅಂಕ ಇದೆ, ನೋಡಿ. ಬೆರಳಿನ ಸಾಧನವೂ ನಾರ್ಮಲ್ ಅಂದಿತು. ನನ್ನ ಪರದೆಯಲ್ಲಿ ಬೇರೆಯೇ ಕಂಡಿತು. ಅವರ ಆಮ್ಲಜನಕ ಇಳಿಯುವ ಮೊದಲೇ ಮೆದುಳು ಎಚ್ಚೆತ್ತು ಉಸಿರೆಳೆಸುತ್ತಿತ್ತು, ಮತ್ತೆ ಮತ್ತೆ, ಬೆಳಗಿನವರೆಗೆ. ಆಮ್ಲಜನಕವನ್ನೇ ನೆಚ್ಚಿದ ಸಾಧನಕ್ಕೆ ಇದು ಕಾಣುವುದು ಹೇಗೆ? "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅಂತ ಕೇಳಿ ಕೇಳಿ ಅವರಿಗೆ ಸಾಕಾಗಿತ್ತಂತೆ.

ಈಚೆಗೆ ಮೂಗಿನ ಕೊಳವೆ ಇರುವ ಪರೀಕ್ಷೆಯ ಪೆಟ್ಟಿಗೆಯನ್ನು ಮನೆಗೂ ಕಳಿಸುತ್ತಿದ್ದೇವೆ. ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿ ತೆಗೆದು, ಕನ್ನಡದಲ್ಲಿ ಎರಡು ನಿಮಿಷದ ವಿಡಿಯೋ ಮಾಡಿ ವಾಟ್ಸಾಪ್ ಮಾಡಿದೆ. ಮೂಗಿನ ಕೊಳವೆ ತಲೆಕೆಳಗಾಗಿ ಹಾಕಿಕೊಳ್ಳುವುದು ಅಷ್ಟರ ಮೇಲೆ ಕಮ್ಮಿಯಾಯಿತು. ಉಗುರುಬಣ್ಣ ತೆಗೆಯಿರಿ ಅಂತ ಒಂದು ಸಾಲೂ ಸೇರಿಸಿದೆ.

ಮೊನ್ನೆ ಉಂಗುರದ ಹಾಗಿರುವ ಹೊಸ ಸಾಧನ ಬಂತು. ಮೊದಲು ಹಾಕಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ. ಸುಲಿದು ಸುಲಿದು ಬೆರಳು ದಪ್ಪ, ತುದಿಯೆಲ್ಲ ಕಪ್ಪು ಕಲೆ. ತೋರುಬೆರಳಿಗೆ ಹೋಗಲಿಲ್ಲ, ಉಂಗುರದ ಬೆರಳಿಗೂ ಹೋಗಲಿಲ್ಲ. ಕೊನೆಗೆ ಕಿರುಬೆರಳಿಗೆ ತೂರಿಸಿದೆ. ಬೆರಳಿನ ಕಲೆ ನಮ್ಮ ಆಕ್ಸಿಮೀಟರಿನ ಬೆಳಕಿಗೆ ಅಡ್ಡ ಬಂದೀತೇನೋ ಅಂತ ಅನುಮಾನವಾಗಿ ಕಿವಿಗೊಂದು ಪ್ರೋಬ್ ಜಾಸ್ತಿ ಸಿಕ್ಕಿಸಿದೆ. ಅವರು ಕನ್ನಡಿ ಕೇಳಿ ನೋಡಿಕೊಂಡು, "ಉಂಗುರ, ಓಲೆ ಎರಡೂ ಆಯ್ತಲ್ಲ" ಅಂದವರೇ ಐದು ನಿಮಿಷದಲ್ಲಿ ಗೊರಕೆ ಶುರುಮಾಡಿದರು. ಕೆಮ್ಮಿಸುವುದು ಮರೆತೇಹೋಗಿತ್ತು, ಎಬ್ಬಿಸಬೇಕಾಯಿತು.