‘ಕೆರೆ’ ಹುಡುಕಿದರೆ ‘ಅಧಿಕಾರಿ’ಗೆ ಬಣ್ಣ ಬಿದ್ದದ್ದೇಕೆ?

ಕೋಲಾರ ತಾಲ್ಲೂಕಿನ ಕೆರೆಗಳ ಬಗ್ಗೆ ಊರಿನವರು ಬರೆದಿದ್ದ ಅರ್ಜಿ, ಸಭಾ ನಡಾವಳಿಗಳನ್ನು ನಾವು ಕೆಲವರು ಟೈಪ್ ಮಾಡಿ ಎಸ್‌ಕ್ಯುಲೈಟ್ ಡೇಟಾಬೇಸಿಗೆ ಸೇರಿಸಿದೆವು. ಹುಡುಕಾಟಕ್ಕೆ ಅದರಲ್ಲೇ ಇರುವ, ಪಠ್ಯದೊಳಗೆ ಪದ ಹುಡುಕುವ ಎಫ್‌ಟಿಎಸ್5 ಸಾಕಾಯಿತು. ಸಿಕ್ಕ ಪದಕ್ಕೆ ಹಳದಿ ಹಚ್ಚಲು ‘ಹೈಲೈಟ್’ ಎಂಬ ಫಂಕ್ಷನ್ ಇದೆ; ಪದದ ಹಿಂದೆ ಯಾವ ಗುರುತು, ಮುಂದೆ ಯಾವ ಗುರುತು ಎಂದು ಹೇಳಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಮೊದಲ ದಿನ ‘ಕೆರೆ’ ಎಂದು ಹುಡುಕಿದೆ. ‘ತೂಬು ದುರಸ್ತಿ ಕೋರಿ’ ಎಂಬಲ್ಲಿ ‘ಕೋರಿ’ಗೆ ಹಳದಿ. ‘ಅಧಿಕಾರಿ’ಯ ಅರ್ಧಕ್ಕೆ ಹಳದಿ. ‘ಸರ್ಕಾರ’ದ ಬಾಲಕ್ಕೂ ಹಳದಿ. ಈ ಮೂರು ಪದಗಳಿಲ್ಲದ ಅರ್ಜಿ ಎಲ್ಲಿದೆ? ಹತ್ತಿರದಿಂದ ನೋಡಿದಾಗ ‘ಕೋರಿ’ಯಲ್ಲಿ ಬಣ್ಣ ‘ರ’ಕಾರಕ್ಕೇ ನಿಂತು, ಗುಡಿಸು ಹೊರಗೆ ಉಳಿದಿತ್ತು. ಆ ಗುಡಿಸೇ ನನಗೆ ದಾರಿ ತೋರಿಸಿತು.

ಪಠ್ಯವನ್ನು ಪದಗಳಾಗಿ ಒಡೆಯುವ ಯೂನಿಕೋಡ್61 ಎಂಬ ಟೋಕನೈಜರ್, ಮೂಲ ವ್ಯವಸ್ಥೆಯಲ್ಲಿ, ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಕನ್ನಡದ ಸ್ವರಚಿಹ್ನೆಗಳು ಅದಕ್ಕೆ ಖಾಲಿ ಜಾಗವಿದ್ದಂತೆ. ಹಾಗಾಗಿ ‘ಕೆರೆ’ ಎಂದರೆ ‘ಕ’, ‘ರ’ ಎಂಬ ಎರಡು ಪದಗಳು ಒಂದರ ಪಕ್ಕ ಒಂದು. ‘ಕೋರಿ’ಯೂ ಅಷ್ಟೇ. ‘ಅಧಿಕಾರಿ’ ಒಡೆದು ‘ಅಧ’, ‘ಕ’, ‘ರ’ ಆಗುತ್ತದೆ. ತಪ್ಪು ಬಣ್ಣ ಹಚ್ಚುವಲ್ಲಿರಲಿಲ್ಲ, ಒಡೆಯುವಲ್ಲಿತ್ತು.

ಟೋಕನೈಜರ್ ಪದದ ಭಾಗವೆಂದು ಎಣಿಸುವ ವರ್ಗಗಳ ಸಾಲಿಗೆ, ಅಕ್ಷರಕ್ಕೆ ಅಂಟುವ ಚಿಹ್ನೆಗಳ ಯೂನಿಕೋಡ್ ವರ್ಗಗಳಾದ ಎಂಎನ್ (Mn) ಮತ್ತು ಎಂಸಿ (Mc) ಎರಡನ್ನೂ ಸೇರಿಸಿದೆ. ಒಂದೇ ಸಾಲದು: ಗುಡಿಸು, ಹಲಂತ ಮೊದಲನೆಯದರಲ್ಲಿವೆ, ದೀರ್ಘ, ಕೊಂಬು ಎರಡನೆಯದರಲ್ಲಿ. ಹಳೆಯ ಟೇಬಲ್ ಅಳಿಸಿ ಹೊಸದಾಗಿಯೇ ಕಟ್ಟಬೇಕಾಯಿತು.

ವಿಭಕ್ತಿಗಳಿಗೆ ನಕ್ಷತ್ರ ಚಿಹ್ನೆ ಬಳಸಿದೆ. ‘ಕೆರೆ*’ ಎಂದರೆ ‘ಕೆರೆಯಲ್ಲಿ’, ‘ಕೆರೆಗೆ’ ಎರಡೂ ಸಿಗುತ್ತವೆ, ಬಣ್ಣ ಇಡೀ ಪದಕ್ಕೆ ಬೀಳುತ್ತದೆ. ‘ಏರಿ*’ ಎಂದಾಗ ಬೆಲೆ ‘ಏರಿಕೆ’ಯೂ ಬರುತ್ತದೆ, ಅಲ್ಲಿ ನಕ್ಷತ್ರ ಬೇಡ.

ಪದಗುಚ್ಛಗಳಲ್ಲಿ ‘ಹೈಲೈಟ್’ ಫಂಕ್ಷನ್ ನನಗೆ ಬಹಳ ಮೆಚ್ಚುಗೆಯಾಯಿತು. 2018ರಿಂದ ಈಚೆಗಿನ ಕಾಗದಗಳಲ್ಲಿ ‘ಕೆ.ಸಿ. ವ್ಯಾಲಿ’ ನೀರಿನ (ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ಹರಿಸುವ ಸಂಸ್ಕರಿತ ನೀರು) ಮಾತು ಪದೇಪದೇ ಬರುತ್ತದೆ. ಜೋಡಿ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರೆ ಚುಕ್ಕಿಗಳ ಸಮೇತ ಒಂದೇ ಪಟ್ಟಿಯಾಗಿ ಹಳದಿ ಹರಡುತ್ತದೆ. ‘ಕೆರೆ ಏರಿ’, ‘ಏರಿ ದುರಸ್ತಿ’ ಎರಡನ್ನೂ ಒಟ್ಟಿಗೆ ಕೇಳಿದರೆ ‘ಕೆರೆ ಏರಿ ದುರಸ್ತಿ’ಗೆ ಒಂದೇ ಗುರುತು.

ಉದ್ದದ ನಡಾವಳಿಗಳಿಗೆ, ಸಿಕ್ಕ ಪದದ ಸುತ್ತಲಿನ ತುಣುಕನ್ನಷ್ಟೇ ತೋರಿಸುವ ‘ಸ್ನಿಪೆಟ್’ ಬಳಸುತ್ತೇನೆ. 64 ಪದಗಳವರೆಗೆ ಕೊಡಬಲ್ಲದು. ನಾನು 20 ಇಟ್ಟಿದ್ದೇನೆ. ಈಗ ಮೊಬೈಲಿನಲ್ಲಿ ‘ನೀರಗಂಟಿ*’ ಎಂದು ಒತ್ತಿದರೆ, ಯಾವ ಊರಿನ ತೂಬನ್ನು ಯಾರು ಎತ್ತುತ್ತಿದ್ದರು ಎಂಬ ಸಾಲೇ ಎದುರಿಗೆ ಬರುತ್ತದೆ.